ಕಾಲುವೆಯ ಕೊನೆಯ ನೆರೆಯವ



ಶಿವಮೊಗ್ಗ, ಭದ್ರಾವತಿ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುತ್ತೇವೆ. ಇದು ನಮ್ಮ ದೊಡ್ಡ ಗುಣ. ಆದರೆ ಕಣ್ಣಿಗೆ ಕಾಣದ ನೆರೆಯವನ ಪಾಡೇನು? ಭದ್ರಾ ಬಲದಂಡೆ ಕಾಲುವೆಯ ನೀರು ಭದ್ರಾವತಿ ಕಡೆಯ ಗದ್ದೆಗಳನ್ನು ದಾಟಿ ದಾವಣಗೆರೆ ಸೀಮೆ ಮುಟ್ಟಬೇಕು. ನಾವು ಸರದಿ ಮೀರಿ ತೂಬು ತೆರೆದಿಟ್ಟರೆ ಅಲ್ಲಿಯ ಪೈರು ಒಣಗುತ್ತದೆ.

ಇಂಡೋನೇಷ್ಯಾದ ಬಾಲಿ ದ್ವೀಪದ ಭತ್ತದ ರೈತರ ದಯೆಯ ರೀತಿಯೇ ಬೇರೆ. ‘ಸುಬಕ್’ ಎಂಬ ನೀರಿನ ಸಂಘದಲ್ಲಿ ಕೂಡಿ ಕುಳಿತು ನಾಟಿಯ ಕಾಲ, ನೀರಿನ ಸರದಿಗಳನ್ನು ಗೊತ್ತುಮಾಡುತ್ತಾರೆ. ಒಟ್ಟಿಗೆ ಬೆಳೆದು ಒಟ್ಟಿಗೆ ಗದ್ದೆ ಬಿಡುವುದರಿಂದ ಕೀಟ, ಇಲಿಗಳ ಕಾಟವೂ ತಗ್ಗುತ್ತದೆ. 2012ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೆಲ್ಲ-ನೀರು ಬಿಡಬೇಡಿ. ಸರದಿ ಮುಗಿದೊಡನೆ ತೂಬನ್ನೂ ಮುಚ್ಚಿರಿ. ಕೊನೆಯ ಗದ್ದೆಯವನೂ ನಮ್ಮ ಅತಿಥಿಯೇ.