ಕಾಲುವೆಯ ತುದಿಯ ಹೊಲ



ಅಣೆಕಟ್ಟು ಎದ್ದ ಕಡೆ ಒಂದು ಮಾತು ಹುಟ್ಟುವುದುಂಟು: ‘ಕರೆಂಟು ತೆಗೆದ ನೀರಲ್ಲಿ ಸತ್ವ ಎಲ್ಲಿರ್ತದಪ್ಪಾ?’ ಮುನಿರಾಬಾದಿನ ವಿದ್ಯುದಾಗಾರವನ್ನು ನೋಡಿ. ತುಂಗಭದ್ರೆಯ ನೀರು ಮೇಲಿನಿಂದ ಧುಮುಕಿ ಚಕ್ರ ತಿರುಗಿಸುತ್ತದೆ. ಅದೇ ನೀರು ಎಡದಂಡೆ ಕಾಲುವೆಗೆ ಬರುತ್ತದೆ. ಸತ್ವವೂ ಹೋಗುವುದಿಲ್ಲ, ನೀರೂ ಕಡಿಮೆಯಾಗುವುದಿಲ್ಲ.

ಹಾಗಾದರೆ ರಾಯಚೂರು ಕಡೆಯ ತುದಿಯ ಹೊಲಗಳಿಗೆ ನೀರೇಕೆ ಸಾಲದು? ಒಂದು ಕಾರಣ ಹೂಳು. ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ. ಎಡದಂಡೆಯ ಬಹುಪಾಲು ಭೂಮಿಗೆ ಜೋಳ, ಹತ್ತಿ, ಶೇಂಗಾಗಳ ಲೆಕ್ಕದಲ್ಲಿ ನೀರು ಗೊತ್ತುಮಾಡಿದ್ದರು. ಮೇಲ್ಭಾಗದವರು ಭತ್ತ ಹಿಡಿದರು. ಬೈದು ಫಲವಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಒಂದೇ. ಆದರೆ ಎರೆಭೂಮಿಯಲ್ಲಿ ಸದಾ ನೀರು ನಿಂತರೆ ಜೌಗು ಹಿಡಿದು ಸವಳು ಮೇಲೇಳುತ್ತದೆ. ಕೆಳಗಿನವನಿಗೆ ನೀರಿಲ್ಲ, ಮೇಲಿನವನಿಗೆ ಹೊಲವಿಲ್ಲ.

ಭತ್ತವೇ ಬೇಕೆಂದರೆ ನಾಟಿ ಬಿಟ್ಟು ಕೂರಿಗೆಯಿಂದ ಬಿತ್ತಿರಿ. ಕೆಸರು ಕಲಸುವ ನೀರು ಉಳಿಯುತ್ತದೆ. ಕಳೆ ಮಾತ್ರ ಮೊದಲ ತಿಂಗಳು ಬಿಡದೆ ತೆಗೆಯಬೇಕು, ಇಲ್ಲದಿದ್ದರೆ ಪೈರನ್ನೇ ನುಂಗೀತು. ಎರಡನೆಯ ಬೆಳೆಗೆ ಕಡಲೆ, ಜೋಳ ಸಾಕು. ಬಸಿಗಾಲುವೆಯ ಹೂಳು ಬೇಸಿಗೆಯಲ್ಲೇ ತೆಗೆಸಿರಿ. ರಾತ್ರಿ ನಿಮ್ಮ ಹೊಲಕ್ಕೆ ಸಾಕಾದ ಮೇಲೆ ತೂಬು ಮುಚ್ಚಿ ಮಲಗಿರಿ. ಕೆಳಗಿನವರು ಲಾಟೀನು ಹಿಡಿದು ಕಾಯುತ್ತಿರುತ್ತಾರೆ.