ಹುಟ್ಟಿದಾಗ ಅಳದ ಮಗು ಮತ್ತು ನಾಲ್ಕನೇ ದಿನದ ಸ್ಕ್ಯಾನ್

ಇವತ್ತು ಸ್ವಲ್ಪ ಭಾರವಾದ ವಿಷಯ. "ಮಗು ಹುಟ್ಟಿದ ತಕ್ಷಣ ಅಳಲಿಲ್ಲವಂತೆ" ಅನ್ನೋ ಮಾತು ನೀವೂ ಕೇಳಿರ್ತೀರಿ. ಎನ್‌ಐಸಿಯುಗೆ ಸೇರಿಸಿದ್ರಂತೆ, ಫಿಟ್ಸ್ ಬಂತಂತೆ, ಮಿದುಳಿನ ಸ್ಕ್ಯಾನ್ ಮಾಡಿಸ್ಬೇಕಂತೆ. ಅದರಲ್ಲಿ ಏನು ನೋಡ್ತಾರೆ ಅಂತ ಮಾತ್ರ ಯಾರೂ ಬಿಡಿಸಿ ಹೇಳಲ್ಲ.

ಹೆರಿಗೆಯ ಹೊತ್ತಲ್ಲಿ ಮಗುವಿನ ಮಿದುಳಿಗೆ ರಕ್ತ, ಆಕ್ಸಿಜನ್ ಸಾಲದೆ ಆಗೋ ಪೆಟ್ಟಿಗೆ ವೈದ್ಯರು ಎಚ್‌ಐಇ ಅಂತಾರೆ. ಸಾಮಾನ್ಯವಾಗಿ ಮೊದಲು ನೆತ್ತಿಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡ್ತಾರೆ. ಹಸುಗೂಸಿನ ನೆತ್ತಿ ಇನ್ನೂ ಕೂಡಿರಲ್ಲ ನೋಡಿ, ಅದೇ ಕಿಟಕಿ. ರಕ್ತಸ್ರಾವ ಆಗಿದ್ರೆ ಕಾಣುತ್ತೆ. ಆದ್ರೆ ಆಕ್ಸಿಜನ್ ಕೊರತೆಯ ಪೆಟ್ಟು ಎಷ್ಟೋ ಸಲ ಕಣ್ತಪ್ಪಿ ಹೋಗುತ್ತೆ. ಸಿಟಿಯಲ್ಲಿ ವಿಕಿರಣ ಇದೆ. ಹಾಗಾಗಿ ಎಂಆರ್‌ಐ.

ಅಷ್ಟು ಸದ್ದು ಮಾಡೋ ಮಷೀನ್ ಒಳಗೆ ಪುಟ್ಟ ಮಗುನಾ ಅಂತ ಗಾಬರಿ ಆಗುತ್ತೆ. ಮಗು ಹಾಲು ಕುಡಿಯೋ ಸ್ಥಿತಿಯಲ್ಲಿದ್ರೆ ಎಷ್ಟೋ ಕಡೆ ಮತ್ತಿನ ಔಷಧಿಯನ್ನೇ ಕೊಡಲ್ಲ. ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿವಿ ಮುಚ್ಚಿ ಮಲಗಿಸ್ತಾರೆ. ಅಜ್ಜಿಯರು ಎರೆದು ಮಲಗಿಸ್ತಿದ್ದ ಹಾಗೇ.

ಈಗ ಚಿತ್ರದಲ್ಲಿ ಏನಿರುತ್ತೆ? ಮಂಡ್ಯ ಕಡೆಯ ನಾಲೆ ನೆನಪಿಸಿಕೊಳ್ಳಿ. ನೀರು ನಿಧಾನವಾಗಿ ಕಮ್ಮಿ ಆದ್ರೆ ಮೊದಲು ಒಣಗೋದು ಕೊನೆ ಭಾಗದ ಗದ್ದೆ. ಮಿದುಳಿನಲ್ಲೂ ರಕ್ತ ಗಂಟೆಗಟ್ಟಲೆ ಕಮ್ಮಿ ಆಗ್ತಾ ಬಂದ್ರೆ, ಎರಡು ರಕ್ತನಾಳಗಳ ಕೊನೆಗಳು ಸೇರೋ ಗಡಿಭಾಗಕ್ಕೆ ಪೆಟ್ಟು. ಅದೇ ಹೊಕ್ಕುಳಬಳ್ಳಿ ಜಾರಿ ಒತ್ತಿಕೊಂಡೋ, ಗರ್ಭಕೋಶ ಹರಿದೋ ಪೂರೈಕೆ ಇದ್ದಕ್ಕಿದ್ದಂತೆ ನಿಂತುಹೋದ್ರೆ, ಅತಿ ಹೆಚ್ಚು ಶಕ್ತಿ ಬೇಡೋ ಒಳಗಿನ ಭಾಗಗಳು ಹಾಳಾಗುತ್ತವೆ: ಬೇಸಲ್ ಗ್ಯಾಂಗ್ಲಿಯಾ, ಥಾಲಮಸ್. ಅಂದ್ರೆ ಪೆಟ್ಟು ಎಲ್ಲಿದೆ ಅನ್ನೋದರಿಂದ ಅದು ಹೇಗೆ ಬಿತ್ತು ಅನ್ನೋ ಸುಳಿವೂ ಸಿಗುತ್ತೆ.

ಇಲ್ಲಿ ದಿನದ ಲೆಕ್ಕ ತುಂಬಾ ಮುಖ್ಯ. ಡಿಫ್ಯೂಷನ್ ಅನ್ನೋ ಬಗೆಯ ಚಿತ್ರ, ಅಂಗಾಂಶದಲ್ಲಿ ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡ್ತಿವೆ ಅಂತ ತೋರಿಸುತ್ತೆ. ಮೊದಲ ದಿನವೇ ತೆಗೆದ್ರೆ ಪೆಟ್ಟು ಇರೋದಕ್ಕಿಂತ ಚಿಕ್ಕದಾಗಿ ಕಾಣಬಹುದು. ಮೂರರಿಂದ ಐದನೇ ದಿನದಲ್ಲಿ ಚೆನ್ನಾಗಿ ಕಾಣುತ್ತೆ. ಒಂದು ವಾರ ದಾಟಿದ್ರೆ ಅದೇ ಚಿತ್ರ ನಾರ್ಮಲ್ ಥರ ಕಾಣಬಹುದು, ಪೆಟ್ಟು ಅಲ್ಲೇ ಇದ್ರೂ! ಆಗ ಎಂಆರ್‌ಐನ ಬೇರೆ ಬಗೆಯ ಚಿತ್ರಗಳನ್ನ ನೋಡ್ಬೇಕು. "ದುಡ್ಡು ಹೊಂದಿಸ್ಕೊಂಡು ಮುಂದಿನ ವಾರ ಬರ್ತೀವಿ" ಅನ್ನೋ ಮನೆಯವರಿಗೆ ಇದನ್ನ ಹೇಳೋರು ಬೇಕು.

ಇನ್ನೊಂದು ವಿಚಾರ, ಇದರಲ್ಲಿ ನಮ್ಮ ಬೆಂಗಳೂರೂ ಇದೆ. ಶ್ರೀಮಂತ ದೇಶಗಳಲ್ಲಿ ಇಂಥ ಮಕ್ಕಳ ಮೈಯನ್ನ ಹುಟ್ಟಿದ 6 ಗಂಟೆ ಒಳಗೆ ತಂಪು ಮಾಡೋಕೆ ಶುರುಮಾಡಿ, 72 ಗಂಟೆ 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡ್ತಾರೆ. ಅಲ್ಲಿ ಅದು ಫಲ ಕೊಟ್ಟಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ 408 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದ ಹೀಲಿಕ್ಸ್ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ತಂಪು ಮಾಡಿದ ಗುಂಪಿನಲ್ಲಿ ಸಾವು 42%, ಮಾಡದ ಗುಂಪಿನಲ್ಲಿ 31%. ಯಾಕೆ ಹೀಗೆ? ನಮ್ಮ ಕಡೆಯ ಮಕ್ಕಳ ಎಂಆರ್‌ಐಗಳಲ್ಲಿ ಮಿದುಳಿನ ಬಿಳಿ ಭಾಗದ ಹಾನಿ ಜಾಸ್ತಿ ಕಂಡಿದೆ. ಹೆರಿಗೆಗೆ ಎಷ್ಟೋ ಮೊದಲೇ ಪೆಟ್ಟು ಶುರುವಾಗಿರಬಹುದು ಅನ್ನೋದು ಸಂಶೋಧಕರ ಒಂದು ಊಹೆ. ಹಾಗಿದ್ರೆ 6 ಗಂಟೆಯ ಗಡಿಯಾರ ನಾವು ನೋಡೋ ಮುಂಚೆಯೇ ಮುಗಿದಿರುತ್ತೆ. ನನಗಂತೂ ಇದು ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಅಮ್ಮ ಕೇಳೋ ಪ್ರಶ್ನೆ ಒಂದೇ: "ನಡೀತಾನಾ ಡಾಕ್ಟ್ರೇ?" ಒಳಗಿನ ಭಾಗಗಳಿಗೆ ಜೋರು ಪೆಟ್ಟಾಗಿದ್ರೆ ಚಲನೆಯ ತೊಂದರೆ, ಸೆರೆಬ್ರಲ್ ಪಾಲ್ಸಿ ಸಾಧ್ಯತೆ ಹೆಚ್ಚು. ಗಡಿಭಾಗದ ಪೆಟ್ಟಾದ್ರೆ ಮಗು ನಡೆದೀತು, ಆದ್ರೆ ಮಾತು, ಕಲಿಕೆಯ ತೊಡಕು ಸ್ಕೂಲಿಗೆ ಸೇರಿದ ಮೇಲೆ ಗೊತ್ತಾಗಬಹುದು. ಚಿತ್ರ ಪೂರ್ತಿ ನಾರ್ಮಲ್ ಇದ್ರೆ ಅದು ಒಳ್ಳೇ ಸೂಚನೆ, ಗ್ಯಾರಂಟಿ ಅಲ್ಲ.

ನಿಮ್ಮ ಅಕ್ಕನದೋ ಗೆಳೆಯನದೋ ಮಗುವಿಗೆ ಹೀಗಾಗಿದ್ರೆ, ಸ್ಕ್ಯಾನ್ ಎಷ್ಟನೇ ದಿನ ತೆಗೆದಿದ್ದು, ಪೆಟ್ಟು ಯಾವ ಭಾಗಕ್ಕೆ ಅಂತ ಡಾಕ್ಟ್ರನ್ನ ಕೇಳೋಕೆ ಹೇಳಿ. ರಿಪೋರ್ಟ್ ಜೊತೆ ಸಿಡಿಯನ್ನೂ ಇಸ್ಕೊಂಡು ಜೋಪಾನ ಮಾಡ್ಲಿ. ಫಾಲೋಅಪ್‌ಗೆ ಹೋದಾಗ ಅದು ಬೇಕಾಗುತ್ತೆ.