ಬಯಲಲ್ಲಿ ನಿಂತ ಸಣ್ಣ ವಿಮಾನ ಮತ್ತು ಹಕ್ಕಿಗಳ ಗೂಡು

(ಚೆನ್ನೈನ ವಡಪಳನಿಯಲ್ಲಿ ಕನ್ನಡ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ವಿಮಾನ ಮತ್ತು ಹಕ್ಕಿ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಆಕಾಶದಲ್ಲಿ ನಡೆಯುವ ಡಿಕ್ಕಿ. ಅದು ವಿಮಾನಯಾನದಷ್ಟೇ ಹಳೆಯದು. 1905ರಲ್ಲಿಯೇ ಆರ್ವಿಲ್ ರೈಟ್ ಹಾರಿಸುತ್ತಿದ್ದ ವಿಮಾನಕ್ಕೆ ಹಕ್ಕಿಯೊಂದು ಬಡಿದು ಸತ್ತ ದಾಖಲೆಯಿದೆ. ನಾನು ಇಂದು ಪ್ರಸ್ತಾಪಿಸಬಯಸುವ ಅಪಾಯವಾದರೋ ನೆಲದ ಮೇಲೆಯೇ, ವಿಮಾನವು ನಿಶ್ಚಲವಾಗಿ ನಿಂತಿರುವಾಗಲೇ ಸಿದ್ಧವಾಗುವಂಥದು.

ಈ ವಿಷಯ ವಡಪಳನಿಯವರಿಗೇಕೆ ಎಂದು ನೀವು ಕೇಳಬಹುದು. ಕನ್ನಡ ಚಲನಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ನಮ್ಮವರನೇಕರು ಈ ಬಡಾವಣೆಯಲ್ಲಿ ನೆಲೆಸಿದರು. ಮೀನಂಬಾಕ್ಕಂ ವಿಮಾನ ನಿಲ್ದಾಣ ಇಲ್ಲಿಂದ ನೇರ ದೂರದಲ್ಲಿ ಸುಮಾರು ಎಂಟು ಕಿಲೋಮೀಟರು ಮಾತ್ರ. ನಾವು ಬೀದಿಯಲ್ಲಿ ಚೆಲ್ಲುವ ಪದಾರ್ಥವನ್ನು ತಿಂದ ಕಾಗೆ ಮತ್ತು ಹದ್ದುಗಳಿಗೆ ಈ ಅಂತರ ಏನೂ ಅಲ್ಲ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ದೊಡ್ಡ ವಿಮಾನಗಳು ದಿನದ ಬಹುಭಾಗ ಹಾರಾಟದಲ್ಲಿರುತ್ತವೆ. ತರಬೇತಿ ಶಾಲೆಗಳ ಮತ್ತು ಕ್ಲಬ್ಬುಗಳ ಎರಡು, ನಾಲ್ಕು ಆಸನಗಳ ವಿಮಾನಗಳ ಸ್ಥಿತಿ ಬೇರೆ. ಹ್ಯಾಂಗರಿನಲ್ಲಿ ಎಲ್ಲಕ್ಕೂ ಸ್ಥಳವಿರುವುದಿಲ್ಲ. ಮಳೆ ಬಂದರೆ, ಬೋಧಕರು ರಜೆಯಲ್ಲಿದ್ದರೆ, ಬಿಡಿಭಾಗ ಬರುವುದು ತಡವಾದರೆ ವಾರಗಟ್ಟಲೆ ಅವು ಬಯಲಿನಲ್ಲಿಯೇ ನಿಂತಿರುತ್ತವೆ. ಬೆಂಗಳೂರಿನ ಜಕ್ಕೂರಿನಂತಹ ತರಬೇತಿ ನೆಲೆಗಳನ್ನು ಕಂಡವರಿಗೆ ಈ ನೋಟ ಅಪರಿಚಿತವಲ್ಲ. ಮರದ ಪೊಟರೆಗಾಗಿ ಅಲೆಯುವ ಗೊರವಂಕಕ್ಕೆ ಇಂತಹ ವಿಮಾನವು ಹಲವು ಕೋಣೆಗಳುಳ್ಳ ಸಿದ್ಧ ಮನೆಯೇ ಸರಿ. ಎಂಜಿನ್ನಿನ ಮುಂಭಾಗದಲ್ಲಿ ಎರಡು ದೊಡ್ಡ ಕಿಂಡಿಗಳು, ಬಾಲದ ತುದಿಯಲ್ಲಿ ಸಂದುಗಳು, ರೆಕ್ಕೆಯ ಕೀಲುಗಳ ಬಳಿ ಬಿರುಕುಗಳು. ಒಳಗೆ ನೆರಳು, ಗಾಳಿಮಳೆಯಿಂದ ರಕ್ಷಣೆ, ಹಾರಾಟ ಮುಗಿದ ಮೇಲೆ ಕೆಲ ಹೊತ್ತು ಬೆಚ್ಚಗಿನ ಕಾವು.

ಮುಂಭಾಗದ ಆ ಕಿಂಡಿಗಳು ಅಲಂಕಾರಕ್ಕಾಗಿ ಇರುವುವಲ್ಲ. ಸಣ್ಣ ವಿಮಾನಗಳ ಎಂಜಿನ್ ಸಾಮಾನ್ಯವಾಗಿ ಗಾಳಿಯಿಂದಲೇ ತಂಪಾಗುತ್ತದೆ. ಕಿಂಡಿಯಿಂದ ನುಗ್ಗಿದ ಗಾಳಿ ಸಿಲಿಂಡರುಗಳ ಸುತ್ತಲಿನ ತೆಳು ಲೋಹದ ಏಣುಗಳ ನಡುವೆ ಹರಿದು ಶಾಖವನ್ನು ಹೊತ್ತುಕೊಂಡು ಕೆಳಗಿನಿಂದ ಹೊರಬೀಳುತ್ತದೆ. ಈ ದಾರಿಯಲ್ಲಿ ಹುಲ್ಲು, ಬೇರು, ಕಾಗದ, ಚಿಂದಿ ತುಂಬಿದ್ದರೆ ಸಿಲಿಂಡರುಗಳು ಮಿತಿಮೀರಿ ಕಾಯುತ್ತವೆ. ಇನ್ನೂ ಭಯಂಕರವಾದುದು ಬೆಂಕಿ. ಹೊಗೆ ಹೊರಬಿಡುವ ಕೊಳವೆಗಳ ಶಾಖಕ್ಕೆ ಒಣಹುಲ್ಲು ಹೊತ್ತಿಕೊಳ್ಳಬಲ್ಲದು. ಅಷ್ಟರಲ್ಲಿ ವಿಮಾನ ನೆಲವನ್ನು ಬಿಟ್ಟಿರುತ್ತದೆ. ಗಾಳಿ ಸೇವಿಸುವ ಕೊಳವೆಗೆ ಕಸ ಸೇರಿದರೆ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಬಾಲದೊಳಗೆ ಕಟ್ಟಿದ ಗೂಡು ನಿಯಂತ್ರಣದ ತಂತಿಗಳಿಗೆ ಸಿಕ್ಕಿಹಾಕಿಕೊಳ್ಳಬಹುದು. ಕಾಗೆಯಂತೂ ಕಡ್ಡಿಗಳೊಂದಿಗೆ ಕಬ್ಬಿಣದ ತಂತಿಯ ತುಂಡುಗಳನ್ನೂ ತಂದು ಗೂಡು ಕಟ್ಟುವ ಪಕ್ಷಿ.

ಇದಕ್ಕೆ ದಿನಗಳು ಬೇಕಾಗಿಲ್ಲ ಎಂಬುದೇ ಮುಖ್ಯ ಸಂಗತಿ. ಗೊರವಂಕಗಳ ಜೋಡಿ ಒಂದು ಬೆಳಗಿನಲ್ಲಿಯೇ ಕಿಂಡಿಯ ಹಿಂದೆ ಹಿಡಿಗಟ್ಟಲೆ ಹುಲ್ಲನ್ನು ತುರುಕಬಲ್ಲದು. ಬೆಳಿಗ್ಗೆ ಹಾರಿ ಬಂದ ವಿಮಾನವನ್ನು ಮಧ್ಯಾಹ್ನ ಮತ್ತೆ ಹಾರಿಸುವವನು, ಈಗತಾನೆ ನೋಡಿದ್ದೆನಲ್ಲ ಎಂದು ಭಾವಿಸುವುದು ಈ ಕಾರಣದಿಂದಲೇ ಅಪಾಯಕರ.

ಕಿಂಡಿ ಎಷ್ಟು ಸಣ್ಣದಾದರೂ ಅದನ್ನು ಅಲಕ್ಷಿಸಬಾರದು ಎಂಬುದಕ್ಕೆ ಹಕ್ಕಿಯದಲ್ಲದ, ಆದರೆ ಗೂಡಿನದೇ ಆದ ಒಂದು ನಿದರ್ಶನವಿದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ಬರ್ಜೆನ್‌ಏರ್ ಸಂಸ್ಥೆಯ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 189 ಜನರೂ ಮಡಿದರು. ವೇಗವನ್ನು ಅಳೆಯುವ ಪಿಟೋ ನಳಿಗೆ ಮುಚ್ಚಿಹೋಗಿ ಕ್ಯಾಪ್ಟನ್ನರ ವೇಗಮಾಪಕ ತಪ್ಪು ತೋರಿಸಿತ್ತು. ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳು ನಳಿಗೆಯೊಳಗೆ ಸೇರಿದ್ದಿರಬೇಕೆಂಬುದು ಹೆಚ್ಚು ಸಂಭವನೀಯವೆನಿಸಿದ ಕಾರಣ. ಆ ವಿಮಾನ ಅದಕ್ಕೆ ಮುನ್ನ ವಾರಗಳ ಕಾಲ ನಿಂತೇ ಇತ್ತು. ನಳಿಗೆಗೆ ಮುಚ್ಚಳ ಹಾಕಿರಲಿಲ್ಲ. ಅಂಗೈಯಲ್ಲಿ ಹಿಡಿಸುವ ಬಟ್ಟೆಯ ಚೀಲವೊಂದರ ಮಾತು ಅದು.

ಹಿಕ್ಕೆಯಿಂದಾಗುವ ಹಾನಿ ನಿಧಾನವಾದುದು. ಪಕ್ಷಿಗಳ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ; ಬಿಸಿಲಿನಲ್ಲಿ ಒಣಗಿ ಉಳಿದರೆ ಬಣ್ಣವನ್ನು ತಿಂದು ಅಲ್ಯೂಮಿನಿಯಮ್ಮಿಗೆ ತುಕ್ಕಿನ ದಾರಿ ಮಾಡಿಕೊಡುತ್ತದೆ. ಬೆಂಗಳೂರಿನ ಎಚ್.ಎ.ಎಲ್. ನಿರ್ಮಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನಕ್ಕೆ ಬಟ್ಟೆಯ ಹೊದಿಕೆಯಿತ್ತು; ಕಾಗೆಯ ಉಗುರು, ಕೊಕ್ಕುಗಳಿಗೆ ಬಟ್ಟೆ ತಡೆಯಲಾರದು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ-3 ನಾರು ಮತ್ತು ರಾಳ ಬೆರೆತ ಸಂಯುಕ್ತ ವಸ್ತುವಿನದು. ಅದು ತುಕ್ಕು ಹಿಡಿಯದು, ಆದರೆ ಕಿಂಡಿಗಳು ಅದಕ್ಕೂ ಇವೆ. ಹಿಕ್ಕೆಯನ್ನು ಒಣಗಿದಂತೆಯೇ ಕೆರೆಯಬಾರದು. ಗಾಜಿನಂತೆ ಕಾಣುವ ಮುಂಗಿಟಕಿ ವಾಸ್ತವವಾಗಿ ಅಕ್ರಿಲಿಕ್ ಆದುದರಿಂದ ಗೀರು ಬೀಳುತ್ತದೆ. ಮೇಲಾಗಿ ಪಾರಿವಾಳದ ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ರೋಗ ತರಬಲ್ಲದು. ಮೂಗು ಬಾಯಿಗಳನ್ನು ಮುಚ್ಚಿಕೊಂಡು, ಧಾರಾಳವಾಗಿ ನೀರು ಹಾಕಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ತೆಗೆಯತಕ್ಕದ್ದು.

ಇನ್ನು ಪರಿಹಾರ. ಪ್ಲಾಸ್ಟಿಕ್ಕಿನ ಗೂಬೆ, ರಬ್ಬರಿನ ಹಾವು, ಮಿನುಗುವ ಪಟ್ಟಿ ಇವುಗಳಿಗೆ ಹಕ್ಕಿಗಳು ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತವೆ. ಗೂಬೆಯ ತಲೆಯ ಮೇಲೆಯೇ ಕಾಗೆ ಕೂರುವುದುಂಟು. ಹೊಲದ ಬೆದರುಬೊಂಬೆಯ ಗತಿಯನ್ನು ಬಲ್ಲ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನುಷ್ಯನಿಗೆ ಕೇಳಿಸದ ಶ್ರವಣಾತೀತ ಶಬ್ದದ ಯಂತ್ರಗಳು ಮಾರಾಟಕ್ಕಿವೆ. ಆ ಶಬ್ದ ಹಕ್ಕಿಗಳಿಗೂ ಕೇಳಿಸುವುದಿಲ್ಲವೆಂಬುದನ್ನು ಮಾರುವವರು ಹೇಳುವುದಿಲ್ಲ. ಬೆದರಿಸುವುದಕ್ಕಿಂತ ಬಾಗಿಲು ಹಾಕುವುದೇ ಲೇಸು.

ಕಿಂಡಿಯ ಆಕಾರಕ್ಕೆ ಕತ್ತರಿಸಿದ, ಗಟ್ಟಿ ಬಟ್ಟೆ ಹೊದಿಸಿದ ಫೋಮ್ ಬಿರಡೆಗಳೇ ಅತ್ಯುತ್ತಮ ಸಾಧನ. ವಿಮಾನ ನಿಂತು ಎಂಜಿನ್ ಆರಿದ ಮೇಲೆ, ಶಾಖ ತಡೆಯುವ ವಸ್ತುವಿನದಾದರೆ ಕೂಡಲೇ, ಇಲ್ಲವಾದರೆ ತಣಿದೊಡನೆ ಇವುಗಳನ್ನು ತೊಡಿಸಬೇಕು. ನಾಳೆ ಬೆಳಿಗ್ಗೆ ಹೇಗೂ ಹಾರಿಸುವೆವಲ್ಲ ಎಂದು ಬಿಡಬಾರದು. ಎರಡು ಬಿರಡೆಗಳನ್ನು ಪ್ರೊಪೆಲರನ್ನು ಬಳಸಿ ಒಂದು ಹಗ್ಗದಿಂದ ಜೋಡಿಸುವ ಜಾಣತನದ ಪದ್ಧತಿಯಿದೆ: ಮರೆತು ಎಂಜಿನ್ ಚಾಲೂ ಮಾಡಿದರೂ ಪ್ರೊಪೆಲರು ಅವನ್ನು ಕಿತ್ತೆಸೆಯುತ್ತದೆ. ಪ್ರತಿಯೊಂದಕ್ಕೂ ಉದ್ದನೆಯ ಕೆಂಪು ಪಟ್ಟಿ ಇರಲಿ. ಎಷ್ಟು ತೊಡಿಸಿದೆವೋ ಅಷ್ಟನ್ನೇ ತೆಗೆದೆವೆಂದು ಎಣಿಸುವ ಅಭ್ಯಾಸವಿರಲಿ. ಕಿಟಕಿಗಳಿಗೆ ಹೊದಿಕೆ ಹಾಕಿದರೆ, ಗಾಜಿನಲ್ಲಿ ತನ್ನ ಪ್ರತಿಬಿಂಬವನ್ನು ಕಂಡು ವೈರಿಯೆಂದು ಕುಕ್ಕುವ ಹಕ್ಕಿಯ ಕಾಟವೂ ತಪ್ಪುತ್ತದೆ. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಬೇಕು. ಚೆನ್ನೈಯಂತಹ ಕಡಲತೀರದಲ್ಲಿ ಪ್ಲಾಸ್ಟಿಕ್ ಹಾಳೆ ಉಪ್ಪಿನ ತೇವವನ್ನು ಒಳಗೇ ಹಿಡಿದಿಟ್ಟು ಹಕ್ಕಿಗಿಂತ ಹೆಚ್ಚಿನ ಹಾನಿ ಮಾಡುತ್ತದೆ.

ಬಿರಡೆಯಿದ್ದ ಮಾತ್ರಕ್ಕೆ ಪರೀಕ್ಷೆಯನ್ನು ಬಿಡುವಂತಿಲ್ಲ. ಕೌಲಿಂಗ್ ಎಂದು ಕರೆಯುವ ಎಂಜಿನ್ನಿನ ಹೊದಿಕೆಯ ಅಂಚಿನಲ್ಲಿ ಒಂದೆರಡು ಎಳೆ ಹುಲ್ಲು, ನೆಲದ ಮೇಲೆ ಹೊಸ ಹಿಕ್ಕೆ, ಕೊಕ್ಕಿನಲ್ಲಿ ಕಡ್ಡಿ ಹಿಡಿದು ಸಮೀಪದಲ್ಲಿಯೇ ಕಾಯುತ್ತಿರುವ ಹಕ್ಕಿ, ಇವು ಸೂಚನೆಗಳು. ಅನೇಕ ವಿಮಾನಗಳಲ್ಲಿ ಎಣ್ಣೆ ನೋಡುವ ಸಣ್ಣ ಬಾಗಿಲಿನಿಂದ ಎಂಜಿನ್ನಿನ ಹಿಂಭಾಗ ಕಾಣದು. ಟಾರ್ಚು ಮತ್ತು ಕೈಗನ್ನಡಿಯಿಂದ ಇಣುಕಬೇಕು. ಸಂಶಯವಿದ್ದರೆ ಕೌಲಿಂಗನ್ನೇ ಬಿಚ್ಚಿಸಬೇಕು. ಹುಲ್ಲನ್ನು ಎಳೆದು ತೆಗೆದರೆ ಸಾಲದು, ಏಣುಗಳ ನಡುವಣ ಚೂರುಗಳೂ ಹೋಗಬೇಕು.

ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡನ್ನು ಕದಲಿಸುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ತಂದಿದೆ. ಆ ವಿಮಾನವನ್ನು ಹಾರಿಸದೆ ನಿಲ್ಲಿಸಿ ಅರಣ್ಯ ಇಲಾಖೆಯವರನ್ನು ವಿಚಾರಿಸುವುದು ಸರಿಯಾದ ಕ್ರಮ. ಮೊದಲ ದಿನದ ಹುಲ್ಲನ್ನು ಮೊದಲ ದಿನವೇ ಕಂಡಿದ್ದರೆ ಹಕ್ಕಿಗೂ ನಷ್ಟವಿಲ್ಲ, ಮಾಲೀಕನಿಗೂ ತೊಂದರೆಯಿಲ್ಲ.

ಈಗ ನಮ್ಮ ಬೀದಿಗೆ ಬರೋಣ. 1937ರ ವಿಮಾನ ನಿಯಮಾವಳಿಯ 91ನೆಯ ನಿಯಮವು ವಿಮಾನ ನಿಲ್ದಾಣದ 10 ಕಿಲೋಮೀಟರು ತ್ರಿಜ್ಯದೊಳಗೆ ಪ್ರಾಣಿವಧೆ ಮಾಡುವುದನ್ನೂ, ಹಕ್ಕಿಗಳನ್ನು ಸೆಳೆಯುವ ಕಸ ಹಾಕುವುದನ್ನೂ ನಿಷೇಧಿಸಿತು. ಯಲಹಂಕದಲ್ಲಿ 2025ರ ಏರೋ ಇಂಡಿಯಾ ಪ್ರದರ್ಶನದ ಸಂದರ್ಭದಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಈ ನಿಯಮವನ್ನು ಉಲ್ಲೇಖಿಸಿ ಜನವರಿ 23ರಿಂದ ಫೆಬ್ರವರಿ 17ರವರೆಗೆ 13 ಕಿಲೋಮೀಟರು ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನೇ ನಿಲ್ಲಿಸಿತು. ಪ್ರದರ್ಶನ ಮುಗಿಯುತ್ತದೆ, ಹದ್ದುಗಳು ಉಳಿಯುತ್ತವೆ. ವರ್ಷವಿಡೀ ಮುಚ್ಚಿದ ತೊಟ್ಟಿಯೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ವಡಪಳನಿಯೂ ಹತ್ತು ಕಿಲೋಮೀಟರಿನ ಒಳಗಿದೆ. ಊಟಕ್ಕೆ ಮುನ್ನ ಕಾಗೆಗೆ ಒಂದು ತುತ್ತು ಅನ್ನವಿಡುವ ಸಂಪ್ರದಾಯ ತಮಿಳರಲ್ಲಿದೆ, ಶ್ರಾದ್ಧದ ದಿನ ನಮ್ಮಲ್ಲಿಯೂ ಇದೆ. ಅದನ್ನು ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಕಾಗೆ ಅದನ್ನು ತಿಂದು ಮುಗಿಸುತ್ತದೆ. ಮುರುಗನ್ ದೇವಾಲಯದ ಸುತ್ತಮುತ್ತ ಮದುವೆಗಳು ಹೆಚ್ಚಾಗಿರುವ ತಿಂಗಳುಗಳಲ್ಲಿ ಛತ್ರಗಳ ಹಿಂಬದಿ ಬೀಳುವ ಎಂಜಲೆಲೆಯ ರಾಶಿ, ಮಾಂಸ ಮತ್ತು ಮೀನಿನ ಅಂಗಡಿಗಳು ಸಂಜೆ ಹೊರಹಾಕುವ ತ್ಯಾಜ್ಯ, ಇವೆರಡನ್ನೂ ಮುಚ್ಚಳವಿರುವ ತೊಟ್ಟಿಗೆ ಹಾಕಿಸಿ ಅದೇ ದಿನ ಸಾಗಿಸುವಂತೆ ನಿಮ್ಮ ನಿವಾಸಿಗಳ ಸಂಘವು ಮಾಲೀಕರೊಂದಿಗೂ ಪಾಲಿಕೆಯ ವಿಭಾಗ ಕಚೇರಿಯೊಂದಿಗೂ ಮಾತನಾಡಲು ಸಾಧ್ಯವಿದೆ.